ಮಾಂಸ ಸುತ್ತುವ ಕಾಗದ, ಕ್ವಿಲ್ಟಿನ ಹೂವು

ಅಮೆರಿಕದ ಕಿರಾಣಿ ಅಂಗಡಿಗಳಲ್ಲಿ ಅಲ್ಯುಮಿನಿಯಂ ಫಾಯಿಲ್ ಇಡುವ ಸಾಲಿನಲ್ಲೇ ಫ್ರೀಜರ್ ಪೇಪರ್ ಸುರುಳಿಯೂ ಸಿಗುತ್ತದೆ. ಅಗಲ ಸಾಮಾನ್ಯವಾಗಿ 18 ಇಂಚು. ಒಂದು ಮಗ್ಗುಲು ಬರೀ ಬಿಳಿ ಕಾಗದ, ಇನ್ನೊಂದಕ್ಕೆ ತೆಳ್ಳನೆಯ ಪ್ಲಾಸ್ಟಿಕ್ ಲೇಪ. ಎರಡನೇ ಮಹಾಯುದ್ಧದ ನಂತರ ಮನೆಗಳಿಗೆ ದೊಡ್ಡ ಫ್ರೀಜರ್ ಬಂದಂತೆ, ಮಾಂಸ ಒಣಗದ ಹಾಗೆ ಸುತ್ತಿಡಲು ಇದಕ್ಕೆ ಬೇಡಿಕೆ ಬಂತು. ನಾನು ಮಾಂಸ ಮುಟ್ಟದವಳು. ಆದರೂ ಮೇರಿಲ್ಯಾಂಡಿನ ನಮ್ಮ ಮನೆಯಲ್ಲಿ ಒಂದು ಸುರುಳಿ ಸದಾ ಇರುತ್ತದೆ, ಹೊಲಿಗೆ ಮಷಿನ್ ಪಕ್ಕದಲ್ಲಿ.

ಬಟ್ಟೆಗೆ ಕಾಗದದ ಆಸರೆ ಕೊಡುವುದು ಹಳೆಯ ವಿದ್ಯೆ. ಇಂಗ್ಲೆಂಡಿನಲ್ಲಿ ಕಾಗದವನ್ನು ಬೇಕಾದ ಆಕಾರಕ್ಕೆ ಕತ್ತರಿಸಿ, ಮೇಲೆ ಬಟ್ಟೆ ಮಡಚಿ ಕಚ್ಚಾ ಹೊಲಿಗೆ ಹಾಕಿ, ತುಂಡುಗಳನ್ನು ಅಂಚಿಗೆ ಅಂಚು ಕೂಡಿಸುತ್ತಿದ್ದರು. ಬ್ರಿಟನ್ನಿನಲ್ಲಿ ಇಸವಿ ಹೊಲಿದಿರುವ ಅತಿ ಹಳೆಯ ತುಂಡುಬಟ್ಟೆಯ ಹೊದಿಕೆ 1718ರದು, ರೇಷ್ಮೆಯದು. ಹೊಲಿದವರ ಗುರುತೆಂದು ಕಾಣುವುದು ಎರಡು ಅಕ್ಷರ, ‘ಇ. ಎಚ್.’ ಒಳಗಿನ ಕಾಗದ ಹಾಗೇ ಉಳಿದಿದೆ. ಕಾಗದ ದುಬಾರಿಯಾಗಿದ್ದ ಕಾಲವದು, ಹೊಸ ಹಾಳೆಯನ್ನು ಯಾರು ಕತ್ತರಿಸುತ್ತಾರೆ? ಹಳೆಯ ಪತ್ರ, ಲೆಕ್ಕದ ಹಾಳೆ, ಮಕ್ಕಳ ಕಾಪಿ ಪುಸ್ತಕ, ಪೇಪರು, ಕೈಗೆ ಸಿಕ್ಕಿದ್ದೆಲ್ಲ ಕತ್ತರಿಗೆ. ಹೀಗಾಗಿ ಅರ್ಧಕ್ಕೆ ನಿಂತ ಹಳೆಯ ಹೊದಿಕೆಗಳ ಬೆನ್ನು ತಿರುಗಿಸಿ ಅಲ್ಲಿನ ಅಕ್ಷರ ಓದಿ, ಅವು ಯಾವ ಕಾಲದವೆಂದು ಮ್ಯೂಸಿಯಂನವರು ಅಂದಾಜು ಮಾಡುತ್ತಾರೆ.

ನಮ್ಮ ಬಾಲ್ಟಿಮೋರಿನದು ಬೇರೆಯೇ ದಾರಿ. 1840 ಮತ್ತು 50ರ ದಶಕಗಳಲ್ಲಿ ಇಲ್ಲಿನ ಹೆಂಗಸರು ‘ಆಲ್ಬಮ್ ಕ್ವಿಲ್ಟ್’ ಎಂಬ ಹೊದಿಕೆಗಳನ್ನು ಹೊಲಿದರು. ಚೌಕಕ್ಕೊಂದು ಹೂಬುಟ್ಟಿ, ಹಾರ, ಹಕ್ಕಿ. ಎಷ್ಟೋ ಚೌಕಗಳಲ್ಲಿ ಶಾಯಿಯಲ್ಲಿ ಬರೆದ ಹೆಸರು. ಬಟ್ಟೆಯ ಮೇಲೆ ಬಟ್ಟೆ ಕೂರಿಸಿ ಹೊಲಿಯುವ ಅಪ್ಲಿಕ್ ಕೆಲಸ ಅದು. 1980ರ ದಶಕದಲ್ಲಿ ಈ ಕಸೂತಿಯಂಥ ನಾಜೂಕು ಕೆಲಸಕ್ಕೆ ಮತ್ತೆ ಜೀವ ಬಂದಾಗ ಜೊತೆಗೆ ಬಂದದ್ದು ಫ್ರೀಜರ್ ಪೇಪರ್. 1989ರಲ್ಲಿ ಎಲಿ ಸಿಯೆಂಕಿವಿಕ್ಸ್ ಅವರ ‘ಬಾಲ್ಟಿಮೋರ್ ಬ್ಯೂಟೀಸ್ ಅಂಡ್ ಬಿಯಾಂಡ್’ ಪುಸ್ತಕದ ಮೊದಲ ಸಂಪುಟ ಹೊರಬಂತು. ಈ ಕಾಗದ ಅನೇಕರ ಹೊಲಿಗೆ ಡಬ್ಬಿ ಸೇರುವುದಕ್ಕೆ ಅವರ ಪುಸ್ತಕಗಳೂ ಪಾಠಗಳೂ ಕಾರಣ.

ಕೆಲಸ ಇಷ್ಟೇ. ಬಿಳಿ ಮಗ್ಗುಲಿನಲ್ಲಿ ಎಲೆ ಬರೆದು ಕತ್ತರಿಸಬೇಕು. ಹೊಳೆಯುವ ಮಗ್ಗುಲು ಬಟ್ಟೆಗೆ ತಾಗುವಂತೆ ಇಟ್ಟು, ಹಬೆಯಿಲ್ಲದ ಇಸ್ತ್ರಿಪೆಟ್ಟಿಗೆಯನ್ನು ಕೆಲವು ಸೆಕೆಂಡು ಒತ್ತಿದರೆ ಅಂಟಿಕೊಳ್ಳುತ್ತದೆ, ಪಿನ್ನು ಬೇಕಿಲ್ಲ. ಸುತ್ತ ಕಾಲು ಇಂಚಿಗೂ ಕಡಿಮೆ ಬಟ್ಟೆ ಬಿಟ್ಟು ಕತ್ತರಿಸಿ, ಆ ಅಂಚನ್ನು ಸೂಜಿ ಮೊನೆಯಿಂದ ಒಳಕ್ಕೆ ತಳ್ಳುತ್ತ, ಕಾಗದದ ಗೆರೆಗುಂಟ ಹೊಲಿಯುತ್ತ ಹೋಗಬೇಕು. ಎಲೆಯ ತುದಿಯಲ್ಲಿ ಅಂಚು ಗಂಟುಗಂಟಾಗುತ್ತದೆ. ಅಲ್ಲಿ ಹೆಚ್ಚಾದ ಬಟ್ಟೆ ಕತ್ತರಿಸಿ ಒಂದು ಹೊಲಿಗೆ ಹೆಚ್ಚು ಹಾಕಿದರೆ ಮೊನೆ ನಿಲ್ಲುತ್ತದೆ. ಕೊನೆಗೆ ಉಗುರಿನಿಂದ ಎಳೆದರೆ ಕಾಗದ ಬಿಟ್ಟು ಬರುತ್ತದೆ, ಅಂಟಿನ ಕಲೆಯಿಲ್ಲ. ಅದೇ ಎಲೆ ಮತ್ತೆ ನಾಲ್ಕಾರು ಸಲ ಬಳಕೆಗೆ ಬರುತ್ತದೆ. ಭಾರತದಲ್ಲಿ ಸಿಗುವ ಬಟರ್ ಪೇಪರ್ ಇದಕ್ಕಾಗದು, ಅಂಟುವುದಿಲ್ಲ. ಮೇಣದ ಕಾಗದ ಬಟ್ಟೆಗೆ ಕಲೆ ಮಾಡುತ್ತದೆ.

ಕೌದಿ ಹೊಲಿಯುವ ನಮ್ಮ ಧಾರವಾಡದ ಕಡೆಯವರಿಗೆ ಇದೆಲ್ಲ ವಿಪರೀತ ಉಪಚಾರ ಅನ್ನಿಸೀತು. ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಣ್ಣುಮಕ್ಕಳು ಕಾಗದದ ಗೊಡವೆಯಿಲ್ಲದೆ ತುಂಡಿನ ಅಂಚನ್ನು ಬೆರಳಲ್ಲೇ ಮಡಚಿ, ಹೊರಗಿನ ಅಂಚಿನಿಂದ ಸುತ್ತುತ್ತ ನಡುವಿಗೆ ಬರುತ್ತಾರೆ. ನಮ್ಮವ್ವನೂ ಹಳೆ ಸೀರೆ ಹಾಸಿಕೊಂಡು ಕಣ್ಣಳತೆಯಲ್ಲೇ ಹೊಲಿದಳು. ಅವಳ ಕೌದಿಯಲ್ಲಿ ಹೆಸರಿಲ್ಲ, ಇಸವಿಯಿಲ್ಲ. ಫ್ರೀಜರ್ ಪೇಪರಿನ ಕ್ವಿಲ್ಟುಗಳದ್ದೂ ಈಗ ಅದೇ ಪಾಡು. ಹಳೆಯ ಲೆಕ್ಕದ ಹಾಳೆ ಒಳಗೇ ಉಳಿದು ಸಾಕ್ಷಿ ಹೇಳುತ್ತಿತ್ತು, ಇದು ಕಿತ್ತು ಬುಟ್ಟಿಗೆ ಹೋಗುತ್ತದೆ. ಕೌದಿಯಾಗಲಿ ಕ್ವಿಲ್ಟಾಗಲಿ, ನೀವು ಹೊಲಿಯುವವರಾದರೆ ಬೆನ್ನಿನ ಒಂದು ಮೂಲೆಯಲ್ಲಿ ನಿಮ್ಮ ಹೆಸರು, ಊರು, ಇಸವಿ ಹೊಲಿದುಬಿಡಿ.