ಗೋಡೆಯೊಳಗಿನ ಹಳೇ ಫೋನ್ ವೈರ್‌ನಲ್ಲೇ ಇಂಟರ್‌ನೆಟ್: ಯಾವ ವೈರ್ ನಡೆಯುತ್ತೆ, ಯಾವುದು ನಡೆಯಲ್ಲ

ಮನೆಗೆ, ಅಂಗಡಿಗೆ ಫೈಬರ್ ಬಂದ ಮೇಲೆ ಹಳೇ ಲ್ಯಾಂಡ್‌ಲೈನ್ ವೈರನ್ನು ಯಾರೂ ತಿರುಗಿ ನೋಡುತ್ತಿಲ್ಲ. ಹಾಲ್‌ನಲ್ಲಿ ಒಂದು ಡಬ್ಬಿ, ಮಹಡಿಯಲ್ಲಿ ಒಂದು, ಹಿಂದಿನ ಗೋಡೌನ್‌ನಲ್ಲಿ ಇನ್ನೊಂದು, ಎಲ್ಲದರ ಮೇಲೂ ಸುಣ್ಣ ಬಣ್ಣ ಬಿದ್ದಿದೆ. ಇತ್ತ ಕೆಳಗೆ ಅಂಗಡಿ, ಮೇಲೆ ಮನೆ ಇರುವ ಪೇಟೆ ಬೀದಿಯ ಕಟ್ಟಡಗಳಲ್ಲಿ ಫೈಬರ್ ಡಬ್ಬಿ ಮೇಲಿದ್ದರೆ ಕೆಳಗಿನ ಬಿಲ್ಲಿಂಗ್ ಕಂಪ್ಯೂಟರ್‌ಗೆ ವೈಫೈ ಸಿಗಲ್ಲ. ಆರ್‌ಸಿಸಿ ಸ್ಲ್ಯಾಬ್ ದಾಟುವಷ್ಟರಲ್ಲಿ ಸಿಗ್ನಲ್ ಸೊರಗಿರುತ್ತೆ. ಗೋಡೆ ಕೊರೆದು ಹೊಸ ಕೇಬಲ್ ಎಳೆಯೋಣ ಅಂದರೆ ಧೂಳು, ಕೂಲಿ, ಮತ್ತೆ ಬಣ್ಣ. ಆಗ ಬರುವ ಪ್ರಶ್ನೆ: ಗೋಡೆಯೊಳಗೆ ಈಗಾಗಲೇ ಇರುವ ಫೋನ್ ವೈರನ್ನೇ ಬಳಸಬಹುದಾ?

ಬಳಸಬಹುದು, ಆದರೆ ಎಲ್ಲ ವೈರ್ ಅಲ್ಲ. ಅದನ್ನು ತಿಳಿಯೋಕೆ ಡಬ್ಬಿ ಬಿಚ್ಚಿ ನೋಡಲೇಬೇಕು.

ಮೊದಲು ಹೊರಗಿನ ಲೈನ್ ಬಿಡಿಸಿ

ಡಬ್ಬಿಗೆ ಕೈ ಹಾಕುವ ಮುಂಚೆ ಒಂದು ವಿಷಯ. ಫೋನ್ ಬಳಕೆಯಲ್ಲಿ ಇಲ್ಲದಿದ್ದರೂ ಕಂಬದಿಂದ ಬಂದ ಲೈನ್ ಜೀವಂತ ಇರಬಹುದು. ಲ್ಯಾಂಡ್‌ಲೈನ್ ತಂತಿಯಲ್ಲಿ ಸುಮ್ಮನೆ ಇರುವಾಗ 48 ವೋಲ್ಟ್ ಡಿಸಿ ಇರುತ್ತೆ, ಗಂಟೆ ಹೊಡೆಯುವಾಗ ಅದರ ಮೇಲೆ 75 ವೋಲ್ಟ್ ಆಸುಪಾಸಿನ ಎಸಿ ಬರುತ್ತೆ. ಕೈ ಒದ್ದೆ ಇದ್ದರೆ ಜುಮ್ಮೆನ್ನುವುದು ಖಂಡಿತ. ಅದಕ್ಕಿಂತ ಮುಖ್ಯವಾಗಿ, ಅದೇ ತಂತಿಯನ್ನು ಕಂಪ್ಯೂಟರ್‌ಗೋ ರೂಟರ್‌ಗೋ ಸಿಕ್ಕಿಸಿದರೆ ಪೋರ್ಟ್ ಹಾಳಾಗಬಹುದು. ಹೊರಗಿನ ಲೈನ್ ಮನೆಯೊಳಗೆ ಬರುವ ಮೊದಲ ಡಬ್ಬಿಯಲ್ಲಿ ಒಳಗಿನ ವೈರನ್ನು ಬೇರ್ಪಡಿಸಿ, ಎರಡೂ ತುದಿಗೆ ಟೇಪ್ ಸುತ್ತಿ. ಮಲ್ಟಿಮೀಟರ್ ಇಟ್ಟು ಒಳಗಿನ ವೈರ್‌ನಲ್ಲಿ ಸೊನ್ನೆ ವೋಲ್ಟ್ ಅಂತ ಖಾತ್ರಿ ಮಾಡಿಕೊಳ್ಳಿ. ಆ ಡಬ್ಬಿಯಿಂದ ಕಂಬದ ಕಡೆಗಿನದು ಫೋನ್ ಕಂಪನಿಯ ಸೊತ್ತು, ಅದನ್ನು ಮುಟ್ಟಬೇಡಿ. ಎಡಿಎಸ್ಎಲ್ ಬ್ರಾಡ್‌ಬ್ಯಾಂಡ್ ಇನ್ನೂ ಅದೇ ಲೈನ್‌ನಲ್ಲಿ ಬರುತ್ತಿದ್ದರೆ, ಮೋಡೆಮ್ ತನಕದ ವೈರ್ ಬಿಟ್ಟು ಉಳಿದದ್ದನ್ನು ಮಾತ್ರ ಯೋಚಿಸಿ.

ಒಳಗೆ ಯಾವ ವೈರ್ ಇದೆ?

ನಮ್ಮ ಕಡೆ ಕಟ್ಟಡಗಳಲ್ಲಿ ಸಾಮಾನ್ಯವಾಗಿ ಮೂರು ಥರ ಸಿಗುತ್ತೆ.

ಒಂದು, ಎರಡೇ ತಂತಿಯ ಚಪ್ಪಟೆ ವೈರ್. ಪಕ್ಕಪಕ್ಕ ಮಲಗಿರುತ್ತೆ, ಹೆಣೆದಿರುವುದಿಲ್ಲ. ಹಳೇ ಮನೆಗಳಲ್ಲಿ ಬಾಗಿಲ ಚೌಕಟ್ಟಿನ ಗುಂಟ ಮೊಳೆ ಕ್ಲಿಪ್ ಹೊಡೆದು ಎಳೆದಿರುವುದು ಬಹುಪಾಲು ಇದೇ. ನೇರವಾಗಿ ನೆಟ್‌ವರ್ಕ್‌ಗೆ ಇದು ಬರಲ್ಲ. ಮಾತಿಗೆ ಎರಡು ತಂತಿ ಸಾಕಿತ್ತು. ಮನೆಯಲ್ಲಿ ಬಳಸುವ ಈಥರ್ನೆಟ್‌ಗೆ 10 ಅಥವಾ 100 ಎಂಬಿಪಿಎಸ್ ವೇಗಕ್ಕೇ ನಾಲ್ಕು ತಂತಿ, ಅಂದರೆ ಎರಡು ಜೋಡಿ ಬೇಕು. ಗಿಗಾಬಿಟ್‌ಗೆ ಎಂಟೂ ಬೇಕು.

ಎರಡು, ಎರಡು ಜೋಡಿ ಅಥವಾ ಹೆಚ್ಚು ಇರುವ ಇಂಟರ್‌ಕಾಮ್ ಕೇಬಲ್. ಲಾಡ್ಜ್, ನರ್ಸಿಂಗ್ ಹೋಮ್, ಕಲ್ಯಾಣ ಮಂಟಪ, ದೊಡ್ಡ ಬಟ್ಟೆ ಅಂಗಡಿಗಳಲ್ಲಿ ಇದನ್ನು ಧಾರಾಳವಾಗಿ ಎಳೆದಿದ್ದಾರೆ. ಪ್ರತಿ ಜೋಡಿ ಒಂದಕ್ಕೊಂದು ಸುತ್ತಿಕೊಂಡಿದ್ದರೆ ಕೆಲಸಕ್ಕೆ ಬರುತ್ತೆ. ಈ ಥರದ ಕೇಬಲ್‌ನಲ್ಲಿ ನಂಬಬಹುದಾದ ವೇಗ 10 ಎಂಬಿಪಿಎಸ್. ಹತ್ತಿಪ್ಪತ್ತು ಮೀಟರ್ ಒಳಗೆ 100 ಕೂಡ ಓಡುವುದುಂಟು, ಗ್ಯಾರಂಟಿ ಇಲ್ಲ.

ಮೂರು, ಅದೃಷ್ಟ ಇದ್ದವರಿಗೆ ಕ್ಯಾಟ್ 5 ಅಥವಾ ಕ್ಯಾಟ್ 5ಇ. ಫೋನ್‌ಗೆ ಅಂತಲೇ ಎಳೆದಿದ್ದರೂ ಕೆಲವು ಎಲೆಕ್ಟ್ರಿಷಿಯನ್‌ಗಳು ಇದನ್ನೇ ಬಳಸಿದ್ದಾರೆ. ಡಬ್ಬಿಯೊಳಗೆ ನೀಲಿ ಜೋಡಿ ಮಾತ್ರ ಫೋನ್‌ಗೆ ಸಿಕ್ಕಿಸಿ, ಕಿತ್ತಳೆ, ಹಸಿರು, ಕಂದು ಜೋಡಿಗಳನ್ನು ಮಡಚಿ ಹಿಂದಕ್ಕೆ ತುರುಕಿರುತ್ತಾರೆ. ಕೇಬಲ್ ಹೊರ ಸಿಪ್ಪೆಯ ಮೇಲೆ ಅಚ್ಚಾಗಿರುವುದನ್ನು ಓದಿ. ಹೀಗಿದ್ದರೆ ಎರಡೂ ಕಡೆ ಆರ್‌ಜೆ-45 ಸಾಕೆಟ್ ಕೂರಿಸಿದರೆ ಮುಗೀತು, 100 ಮೀಟರ್‌ವರೆಗೆ ಪೂರ್ತಿ ಗಿಗಾಬಿಟ್ ಸಿಗುತ್ತೆ.

ಹತ್ತೇ ಎಂಬಿಪಿಎಸ್ ಸಾಕಾ ಅನ್ನಬೇಡಿ. ಬಿಲ್ಲಿಂಗ್ ಸಾಫ್ಟ್‌ವೇರ್, ಜಿಎಸ್‌ಟಿ ಪೋರ್ಟಲ್, ಕಾರ್ಡ್ ಮೆಷಿನ್ ಎಲ್ಲ ಸೇರಿದರೂ ಅಷ್ಟು ಬೇಕಾಗಲ್ಲ. ಒಂದು 2 ಮೆಗಾಪಿಕ್ಸೆಲ್ ಸಿಸಿಟಿವಿ ಕ್ಯಾಮೆರಾಗೆ 4 ಎಂಬಿಪಿಎಸ್ ಹತ್ತಿರ ಹಿಡಿಯಬಹುದು. ಕ್ಯಾಮೆರಾ ನಾಲ್ಕೈದು ಇದ್ದರೆ ಮಾತ್ರ ಹತ್ತು ಸಾಲದು.

ಜೋಡಿಸುವಾಗ ಎಡವುವ ಜಾಗಗಳು

ಫೋನ್ ವೈರಿಂಗ್‌ನಲ್ಲಿ ಒಂದು ಡಬ್ಬಿಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಸರಪಳಿ ಥರ ಎಳೆದಿರುತ್ತಾರೆ. ಮೂರು ಕೋಣೆಯ ಫೋನ್ ಒಟ್ಟಿಗೆ ಗಂಟೆ ಹೊಡೆಯೋಕೆ ಅದು ಸರಿ. ನೆಟ್‌ವರ್ಕ್‌ಗೆ ಆಗಲ್ಲ. ಒಂದು ತುದಿಯಿಂದ ಇನ್ನೊಂದು ತುದಿಗೆ ನೇರ ದಾರಿ ಬೇಕು, ನಡುವೆ ಕವಲು ಇರಬಾರದು. ಕವಲು ವೈರ್‌ನ ತುದಿಗೆ ಏನೂ ಸಿಕ್ಕಿಸದಿದ್ದರೂ ಸಿಗ್ನಲ್ ಅಲ್ಲಿಗೆ ಹೋಗಿ ತಿರುಗಿ ಬಂದು ಗಲಿಬಿಲಿ ಮಾಡುತ್ತೆ. ನಡುವಿನ ಡಬ್ಬಿಯಲ್ಲಿ ಕವಲನ್ನು ಬಿಡಿಸಿ, ಬೇಕಾದ ಎರಡು ವೈರ್ ಮಾತ್ರ ಸೇರಿಸಿ. ಅಲ್ಲೂ ಸಂಪರ್ಕ ಬೇಕು ಅಂದರೆ ಆ ಡಬ್ಬಿ ಹತ್ತಿರ ಒಂದು ಸಣ್ಣ ನೆಟ್‌ವರ್ಕ್ ಸ್ವಿಚ್ ಇಡಿ.

ಎರಡು ಜೋಡಿ ಇದ್ದಾಗ ಆರ್‌ಜೆ-45ರ 1 ಮತ್ತು 2ನೇ ಪಿನ್‌ಗೆ ಒಂದು ಜೋಡಿ, 3 ಮತ್ತು 6ಕ್ಕೆ ಇನ್ನೊಂದು. ಇಲ್ಲಿ ಬಣ್ಣಕ್ಕಿಂತ ಹೆಣಿಗೆ ಮುಖ್ಯ. ಯಾವ ತಂತಿ ಯಾವುದರ ಜೊತೆ ಸುತ್ತಿಕೊಂಡಿದೆಯೋ ಆ ಎರಡೇ ಒಂದು ಜೋಡಿ. ಅಪ್ಪಿತಪ್ಪಿ ಒಂದರ ತಂತಿಯನ್ನು ಇನ್ನೊಂದರ ಜೊತೆ ಸೇರಿಸಿದರೆ ಅಗ್ಗದ ಲೈಟ್ ಟೆಸ್ಟರ್ ‘ಎಲ್ಲ ಸರಿ’ ಅನ್ನುತ್ತೆ, ನೆಟ್ ಮಾತ್ರ ಆಮೆ ಥರ ತೆವಳುತ್ತೆ. ಎಷ್ಟೋ ಜನ ಇಲ್ಲೇ ತಲೆ ಕೆಡಿಸಿಕೊಂಡು ರೂಟರ್ ಬದಲಾಯಿಸುತ್ತಾರೆ.

ವೈರ್ ಒಳಗೆ ಎಲ್ಲೋ ತುಕ್ಕು ಹಿಡಿದ ಜಾಯಿಂಟ್ ಇದೆಯಾ ಅಂತ ನೋಡೋಕೆ ಸುಲಭ ದಾರಿ ಇದೆ. ಒಂದು ತುದಿಯಲ್ಲಿ ಜೋಡಿಯ ಎರಡು ತಂತಿಯನ್ನು ಸೇರಿಸಿ, ಇನ್ನೊಂದು ತುದಿಯಲ್ಲಿ ಮೀಟರ್‌ನಿಂದ ಓಮ್ ಅಳೆಯಿರಿ. 0.5 ಮಿಲಿಮೀಟರ್ ತಾಮ್ರದ ತಂತಿಯಾದರೆ 30 ಮೀಟರ್‌ಗೆ 5 ಓಮ್ ಚಿಲ್ಲರೆ ಬರಬೇಕು, 0.4 ಆದರೆ 8ರ ಹತ್ತಿರ. ಮೂವತ್ತು ನಲವತ್ತು ಓಮ್ ತೋರಿಸಿದರೆ, ಅಥವಾ ಅಂಕಿ ಕುಣಿಯುತ್ತಿದ್ದರೆ, ಮಧ್ಯದ ಡಬ್ಬಿಗಳನ್ನು ಬಿಚ್ಚಿ ಜಾಯಿಂಟ್ ಹೊಸದಾಗಿ ಮಾಡಿ.

ಇನ್ನೊಂದು ತೊಂದರೆ ಬಹಳ ಕಡೆ ಬರುತ್ತೆ. ಈಗಿನ ರೂಟರ್, ಕಂಪ್ಯೂಟರ್ ಎರಡೂ ಗಿಗಾಬಿಟ್. ಅವು ಮೊದಲ ಎರಡು ಜೋಡಿಯಲ್ಲೇ ಮಾತಾಡಿಕೊಂಡು ಗಿಗಾಬಿಟ್‌ಗೆ ಒಪ್ಪಿಕೊಳ್ಳುತ್ತವೆ, ಆಮೇಲೆ ನೋಡಿದರೆ ಉಳಿದೆರಡು ಜೋಡಿಯೇ ಇಲ್ಲ. ಕೆಲವು ಸಾಧನ ತಾವಾಗಿ 100ಕ್ಕೆ ಇಳಿಯುತ್ತವೆ, ಕೆಲವು ಸಂಪರ್ಕ ಹಿಡಿದು ಬಿಟ್ಟು ಹಿಡಿದು ಬಿಟ್ಟು ಮಾಡುತ್ತಲೇ ಇರುತ್ತವೆ. ಒಂದು ತುದಿಗೆ 10/100ರ ಹಳೇ ಸ್ವಿಚ್ ಹಾಕಿದರೆ ಈ ಜಗಳ ಮುಗಿಯುತ್ತೆ. 100ರಲ್ಲೂ ತಡವರಿಸಿದರೆ ಸೆಟ್ಟಿಂಗ್‌ನಲ್ಲಿ 10ಕ್ಕೆ ಇಳಿಸಿ.

ಎರಡೇ ತಂತಿ ಇದ್ದವರು?

ಅವರಿಗೂ ದಾರಿ ಇದೆ, ಆದರೆ ದುಡ್ಡು ಖರ್ಚು. ಫೋನ್ ತಂತಿಯಲ್ಲೇ ಕಂಪ್ಯೂಟರ್ ಜಾಲ ಓಡಿಸುವ ಯೋಚನೆ ಹೊಸದೇನಲ್ಲ. ಅಮೆರಿಕದಲ್ಲಿ 1998ರಲ್ಲೇ ಕಂಪನಿಗಳು ಸೇರಿ ಹೋಮ್‌ಪಿಎನ್‌ಎ ಅಂತ ಒಕ್ಕೂಟ ಮಾಡಿಕೊಂಡಿದ್ದವು. ಮೊದಲ ಸಾಧನಗಳ ವೇಗ ಬರೀ 1 ಎಂಬಿಪಿಎಸ್, ಆಮೇಲೆ 10, ಆಮೇಲೆ 128. ಈಗ ಅದರ ಜಾಗದಲ್ಲಿ ಜಿ.ಎಚ್‌ಎನ್ ಎಂಬ ಮಾನದಂಡ ಇದೆ. ಭಾರತದಲ್ಲಿ ಆನ್‌ಲೈನ್‌ನಲ್ಲಿ ಹುಡುಕಿದರೆ ಸಿಗುವುದು ವಿಡಿಎಸ್‌ಎಲ್2 ಎಕ್ಸ್‌ಟೆಂಡರ್. ಜೋಡಿಯಾಗಿ ಕೊಳ್ಳಬೇಕು: ಒಂದು ಈ ತುದಿಗೆ, ಒಂದು ಆ ತುದಿಗೆ. ಕಡಿಮೆ ದೂರಕ್ಕೆ ಒಳ್ಳೆ ವೇಗ, ದೂರ ಹೋದಂತೆ ಇಳಿಯುತ್ತೆ. ಒಂದು ಕೋಣೆಗೋಸ್ಕರ ಇದು ಬೇಡ, ಆ ದುಡ್ಡಿಗೆ ಹೊಸ ಕೇಬಲ್ ಎಳೆಸಿಬಿಡಿ. ಗೋಡೆ ಮುಟ್ಟೋಕೇ ಆಗದ ಲಾಡ್ಜ್‌ನವರು ಬೇಕಾದರೆ ಲೆಕ್ಕ ಹಾಕಿ ನೋಡಲಿ.

ಪೈಪ್ ಇದ್ದರೆ ವೈರೇ ಹಗ್ಗ

ಫೋನ್ ವೈರ್ ಗೋಡೆಯೊಳಗೆ ಪಿವಿಸಿ ಪೈಪ್‌ನಲ್ಲಿ ಹೋಗಿದ್ದರೆ, ಅದರ ದೊಡ್ಡ ಉಪಯೋಗ ಇದು. ಹಳೇ ವೈರ್ ತುದಿಗೆ ಹೊಸ ಕ್ಯಾಟ್ 6 ಕೇಬಲ್ ಬಿಗಿಯಾಗಿ ಕಟ್ಟಿ, ಟೇಪ್ ನುಣ್ಣಗೆ ಸುತ್ತಿ, ಆ ತುದಿಯಿಂದ ಒಬ್ಬರು ಎಳೆಯಬೇಕು, ಈ ತುದಿಯಿಂದ ಒಬ್ಬರು ತಳ್ಳಬೇಕು. ಜೊತೆಗೆ ಒಂದು ನೈಲಾನ್ ದಾರವನ್ನೂ ಕಟ್ಟಿ ಬಿಡಿ, ಮುಂದೆ ಬೇಕಾಗುತ್ತೆ. ಎಳೆಯುವ ಮುಂಚೆ ಹಳೇ ವೈರ್ ಸಲೀಸಾಗಿ ಅಲ್ಲಾಡುತ್ತಾ ನೋಡಿ. ಸಿಮೆಂಟ್‌ನಲ್ಲಿ ಕಚ್ಚಿದ್ದರೆ ಬಲವಂತ ಮಾಡಬೇಡಿ, ತುಂಡಾದರೆ ಎರಡೂ ಹೋಯಿತು. ಅದೇ ಪೈಪ್‌ನಲ್ಲಿ ಕರೆಂಟ್ ವೈರ್ ಇದ್ದರೆ ಕೈ ಹಾಕಲೇಬೇಡಿ.

ಲ್ಯಾಂಡ್‌ಲೈನ್ ನಂಬರ್ ಫೈಬರ್‌ಗೆ ಬದಲಾಗಿದ್ದರೆ ಇನ್ನೊಂದು ಅನುಕೂಲವೂ ಇದೆ. ಫೈಬರ್ ಡಬ್ಬಿಯಲ್ಲಿ ಫೋನ್‌ಗೆ ಅಂತಲೇ ಪೋರ್ಟ್ ಇದ್ದರೆ, ಅಲ್ಲಿಂದ ಹಳೇ ವೈರ್‌ನ ಒಂದು ಜೋಡಿಗೆ ಕೊಟ್ಟರೆ ಅಜ್ಜನ ಕೋಣೆಯ ಫೋನ್ ಇದ್ದಲ್ಲೇ ಕೆಲಸ ಮಾಡುತ್ತೆ. ಕಂಬದ ಲೈನ್ ಬಿಡಿಸಿರಬೇಕು, ಅಷ್ಟೇ ಷರತ್ತು. ಇಲ್ಲದಿದ್ದರೆ ಹೊರಗಿನ ವೋಲ್ಟೇಜ್ ಫೈಬರ್ ಡಬ್ಬಿಗೆ ನುಗ್ಗುತ್ತೆ.

ಮನೆಯಿಂದ ಕೊಟ್ಟಿಗೆಗೆ, ಅಡಿಕೆ ಗೋಡೌನ್‌ಗೆ ಬಯಲಲ್ಲಿ ಎಳೆದ ಫೋನ್ ತಂತಿಯನ್ನು ಮಾತ್ರ ನೆಟ್‌ಗೆ ಬಳಸದಿರುವುದೇ ಒಳ್ಳೆಯದು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಹತ್ತಿರ ಎಲ್ಲೋ ಸಿಡಿಲು ಬಿದ್ದರೂ ಆ ತಂತಿಯಲ್ಲಿ ವೋಲ್ಟೇಜ್ ಹರಿದು ಎರಡೂ ಕಡೆಯ ಸಾಧನ ಸುಡಬಹುದು. ಕಟ್ಟಡದಿಂದ ಕಟ್ಟಡಕ್ಕೆ ಫೈಬರ್ ಎಳೆಸಿ, ಗಾಜಿನ ಎಳೆಯಲ್ಲಿ ಕರೆಂಟ್ ಹರಿಯಲ್ಲ.

ಕೆಲಸ ಮುಗಿದ ಮೇಲೆ ಎರಡೂ ಡಬ್ಬಿ ಮೇಲೆ ಮಾರ್ಕರ್‌ನಲ್ಲಿ ‘ನೆಟ್, ಫೋನ್ ಅಲ್ಲ’ ಅಂತ ಬರೆಯಿರಿ. ನಾಳೆ ಬಾಡಿಗೆಗೆ ಬಂದವರೋ ಹೊಸ ಲೈನ್‌ಮನ್ನೋ ಗೊತ್ತಿಲ್ಲದೆ ಲ್ಯಾಂಡ್‌ಲೈನ್ ತಂದು ಅದಕ್ಕೇ ಸಿಕ್ಕಿಸಿಬಿಟ್ಟಾರು.