ಕೊಬ್ಬರಿ ಅಟ್ಟದ ಕೆಳಗಿನ ಮೋಟಾರು

ಜೀರ್ಣೋದ್ಧಾರ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಗುಡಿ, ಗೋಪುರ, ಕೆರೆಯ ಏರಿ. ನಮ್ಮ ಶಾಸನಗಳು ಹೊಸದಾಗಿ ಕಟ್ಟಿಸಿದವನನ್ನು ಕೊಂಡಾಡುವಂತೆಯೇ ಹಾಳಾದುದನ್ನು ಎತ್ತಿ ನಿಲ್ಲಿಸಿದವನನ್ನೂ ಕೊಂಡಾಡುತ್ತವೆ. ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆಂದು ದತ್ತಿ ಬಿಡುವುದು ಅವುಗಳಲ್ಲಿ ಪದೇ ಪದೇ ಬರುವ ಸಂಗತಿ. ಇಂಥ ಹಿರಿಯ ಶಬ್ದವನ್ನು ಒಂದು ಮೋಟಾರಿಗೆ, ಅದರಲ್ಲಿಯೂ ಇಬ್ಬರೇ ಕುಳಿತು ಗಾಳಿಗೆ ಮುಖವೊಡ್ಡಿ ಓಡಿಸುವ ಷೋಕಿಯ ಸ್ಪೋರ್ಟ್ಸ್ ಕಾರಿಗೆ ಹಚ್ಚಬಹುದೆ? ಗುಬ್ಬಿಯಲ್ಲಿ ಒಂದು ಮಧ್ಯಾಹ್ನ ಕಳೆಯುವವರೆಗೆ ನಾನೂ ಈ ಪ್ರಶ್ನೆಗೆ ನಕ್ಕುಬಿಡುತ್ತಿದ್ದೆ.

ಅಲ್ಲಿ ನನಗೊಬ್ಬರು ಹಿರಿಯ ಮಿತ್ರರಿದ್ದಾರೆ. ತೆಂಗು, ಅಡಿಕೆಯ ವ್ಯಾಪಾರಸ್ಥರ ಮನೆತನ. "ಮೇಷ್ಟ್ರೇ, ನಿಮಗೊಂದು ಹಳೆಯ ಪ್ರತಿ ತೋರಿಸುತ್ತೇನೆ, ಬನ್ನಿ" ಎಂದರು. ತಾಳೆಗರಿಯ ಕಟ್ಟು ಸಿಕ್ಕೀತೆಂಬ ಆಸೆಯಿಂದ ಹೋದೆ. ಕೊಬ್ಬರಿ ಅಟ್ಟದ ಕೆಳಗೆ, ಗೋಣಿಚೀಲಗಳ ರಾಶಿಯಡಿ ಇದ್ದುದು ಎಂ.ಜಿ. ಟಿ.ಸಿ. ಎಂಬ ಪುಟ್ಟ ಕಾರು. ಕೋಲಾರದ ಚಿನ್ನದ ಗಣಿಗಳನ್ನು 1956ರಲ್ಲಿ ಮೈಸೂರು ಸರ್ಕಾರ ವಹಿಸಿಕೊಂಡ ಮೇಲೆ ಸ್ವದೇಶಕ್ಕೆ ಹೊರಟ ಒಬ್ಬ ಇಂಗ್ಲಿಷ್ ಅಧಿಕಾರಿಯಿಂದ ಅವರ ತಂದೆ ಅದನ್ನು ಕೊಂಡಿದ್ದರು. ತಂದೆ ತೀರಿಕೊಂಡ ಮೇಲೆ ಗಾಡಿ ನಲವತ್ತು ವರ್ಷ ನಿಂತಲ್ಲಿಯೇ ನಿಂತಿತ್ತು.

ಈ ಕಾರಿನ ವಂಶವೃಕ್ಷ ಸ್ವಾರಸ್ಯದ್ದು. ಆಕ್ಸ್‌ಫರ್ಡಿನ ಮಾರಿಸ್ ಗ್ಯಾರೇಜಸ್ ಎಂಬ ಅಂಗಡಿಯ ವ್ಯವಸ್ಥಾಪಕ ಸೆಸಿಲ್ ಕಿಂಬರ್, 1920ರ ದಶಕದಲ್ಲಿ ಸಾಮಾನ್ಯ ಮಾರಿಸ್ ಕಾರುಗಳಿಗೆ ಚೆಲುವಾದ ಮೈಕಟ್ಟು ಕೂರಿಸಿ ಮಾರತೊಡಗಿದ. ಅಂಗಡಿಯ ಹೆಸರಿನ ಮೊದಲಕ್ಷರಗಳೇ ಎಂ.ಜಿ. ಎರಡನೆಯ ಮಹಾಯುದ್ಧ ಮುಗಿದ 1945ರಲ್ಲಿಯೇ ಅಬಿಂಗ್‌ಡನ್ನಿನ ಕಾರ್ಖಾನೆಯಿಂದ ಟಿ.ಸಿ. ಹೊರಬಂತು; 1949ರವರೆಗೆ ಸುಮಾರು 10,000 ಗಾಡಿಗಳು ತಯಾರಾದವು. ಇಂಜಿನು 1250 ಸಿ.ಸಿ.ಯದು, ಬಲ 54 ಅಶ್ವಶಕ್ತಿ. ಕುದುರೆಗಳ ಬಲದಿಂದ ಇಂಜಿನ್ನನ್ನು ಅಳೆಯುವ ಈ ರೂಢಿ ಜೇಮ್ಸ್ ವಾಟ್ ತಂದದ್ದು. ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ಕುಣಿಗಲಿನವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲಕ್ಕಿಂತ ನನಗೆ ಅಚ್ಚರಿಯೆನಿಸಿದ್ದು, ತಗಡಿನ ಮೈಯೊಳಗಿನ ಅಸ್ಥಿಪಂಜರ ಆಷ್ ಎಂಬ ಮರದ್ದೆಂಬುದು. ಕಬ್ಬಿಣದ ಚಾಸಿಯ ಮೇಲೆ ಬಡಗಿ ಕಟ್ಟಿದ ಮರದ ಗೂಡು. ನಮ್ಮ ತೇರಿಗೆ ದೂರದ ದಾಯಾದಿ.

ಗಾಡಿಯನ್ನು ಎಬ್ಬಿಸುವ ಪ್ರಯತ್ನ ಹಿಂದೊಮ್ಮೆ ನಡೆದಿತ್ತು. ನಗರದ ಒಂದು ವರ್ಕ್‌ಷಾಪಿನವರು ಬಿಚ್ಚಿಹಾಕಿ, ಎರಡು ಕಾರ್ಬುರೇಟರುಗಳಲ್ಲಿ ಒಂದನ್ನು ಕಳೆದು, ಆರು ತಿಂಗಳ ಮೇಲೆ ಗಾಡಿಯನ್ನು ಲಾರಿಯಲ್ಲಿ ವಾಪಸು ಕಳುಹಿಸಿದ್ದರು. ಈಗ ಮಿತ್ರರ ಮಗನ ಸಲಹೆ ಬೇರೆ: ಜೀಪಿನ ಇಂಜಿನು ಕೂರಿಸಿ, ಕೆಂಪು ಬಣ್ಣ ಹೊಡೆಸಿ, ಮದುವೆ ಮೆರವಣಿಗೆಗೆ ಬಾಡಿಗೆಗೆ ಬಿಡುವುದು. "ಓಡಲಿ ಅನ್ನುವುದು ಮಗನ ಆಸೆ. ತಪ್ಪೇನು? ಆದರೆ ಆಮೇಲೆ ಇದು ಅಪ್ಪನ ಗಾಡಿಯಾಗಿ ಉಳಿಯುತ್ತದೆಯೆ ಮೇಷ್ಟ್ರೇ?" ಎಂದು ಅವರು ಕೇಳಿದರು.

ಈ ಪ್ರಶ್ನೆ ಗುಬ್ಬಿಯೊಂದರದೇ ಅಲ್ಲ. ಇಂಗ್ಲೆಂಡಿನ ನ್ಯೂಕಾಸಲ್ ಬಳಿ ಒಬ್ಬ ವೈದ್ಯರು 1960ರ ಸುಮಾರಿಗೆ ಗ್ಯಾರೇಜಿನಲ್ಲಿ ನಿಲ್ಲಿಸಿ ಮರೆತಂತಿದ್ದ 1937ರ ಬುಗಾಟಿ ಕಾರು, ಅವರ ಕಾಲಾನಂತರ, 2009ರಲ್ಲಿ ಪ್ಯಾರಿಸಿನ ಹರಾಜಿನಲ್ಲಿ ಧೂಳಿನ ಸಮೇತ 34 ಲಕ್ಷ ಯೂರೋಗಳಿಗೆ ಮಾರಾಟವಾಯಿತು. ಅದೇ ವರ್ಷ ಮಜ್ಜೋರೆ ಸರೋವರದ ತಳದಿಂದ, ಎಪ್ಪತ್ತಕ್ಕೂ ಹೆಚ್ಚು ವರ್ಷ ನೀರಿನಲ್ಲಿದ್ದ ಮತ್ತೊಂದು ಬುಗಾಟಿಯನ್ನು ಮೇಲೆತ್ತಿದರು. ಅರ್ಧ ಮೈ ತುಕ್ಕಿಗೆ ಆಹುತಿಯಾಗಿದ್ದ ಅದನ್ನು ಕೊಂಡ ಅಮೆರಿಕದ ಸಂಗ್ರಾಹಕರು ಹೊಸದು ಮಾಡಲಿಲ್ಲ, ಇದ್ದಂತೆಯೇ ಪ್ರದರ್ಶನಕ್ಕಿಟ್ಟರು. ತುಕ್ಕೂ ಒಂದು ಚರಿತ್ರೆಯೆಂಬುದು ಅವರ ಮತ.

ಸ್ಮಾರಕಗಳ ಸಂರಕ್ಷಣೆಗೆ 1964ರಲ್ಲಿ ವೆನಿಸ್ಸಿನಲ್ಲಿ ಒಂದು ಸನ್ನದು ರೂಪುಗೊಂಡಿತು: ಜೀರ್ಣೋದ್ಧಾರ ಮಾಡುವವನು ಊಹೆ ಆರಂಭವಾಗುವ ಜಾಗದಲ್ಲಿ ನಿಲ್ಲಬೇಕು, ಹೊಸದಾಗಿ ಸೇರಿಸಿದ್ದು ಹೊಸದೆಂದು ತಿಳಿಯುವಂತಿರಬೇಕು ಎಂಬುದು ಅದರ ಸಾರ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ 2012ರಲ್ಲಿ ಟ್ಯೂರಿನ್ ಸನ್ನದಿನ ಮೂಲಕ ಇದೇ ತತ್ತ್ವವನ್ನು ಮೋಟಾರುಗಳಿಗೂ ಅನ್ವಯಿಸಿತು. ನಮ್ಮ ಕೇಂದ್ರ ಸರ್ಕಾರವೂ 2021ರ ನಿಯಮಗಳಲ್ಲಿ, 50 ವರ್ಷ ದಾಟಿ ಮೂಲರೂಪದಲ್ಲಿ ಉಳಿದು ಹೆಚ್ಚಿನ ಮಾರ್ಪಾಡಿಗೆ ಒಳಗಾಗದ ವಾಹನಗಳಿಗೆ ವಿಂಟೇಜ್ ಎಂಬ ಪ್ರತ್ಯೇಕ ನೋಂದಣಿ ಏರ್ಪಡಿಸಿದೆ; ಅಂಥವನ್ನು ಬಾಡಿಗೆಗೆ ಓಡಿಸುವಂತಿಲ್ಲ. ಜೀಪಿನ ಇಂಜಿನು ಕೂತರೆ ಆ ಗೌರವ ತಪ್ಪುತ್ತದೆ.

ಕನ್ನಡ ನಾಡಿನಲ್ಲಿ ಈ ವಿವೇಕ ಹೊಸದೇನೂ ಅಲ್ಲ. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ದಶಕಗಳ ಕಾಲ ಕೂಡಿಸಿದ ಹಳೆಯ ಕಾರುಗಳಲ್ಲಿ, ಗಾಂಧೀಜಿಯವರು ಮೈಸೂರು ಸೀಮೆಯಲ್ಲಿ ಸಂಚರಿಸಿದ್ದೆಂದು ಹೇಳುವ ಸ್ಟೂಡಿಬೇಕರ್ ಕೂಡ ಉಂಟು. ಶ್ರೀರಂಗಪಟ್ಟಣದ ಬಳಿಯ ಪಯಣ ವಸ್ತುಸಂಗ್ರಹಾಲಯವೂ ಅವರ ಆಸಕ್ತಿಯ ಫಲವೇ. ಆದರೆ 1982ರ ಸುಮಾರಿಗೆ ಬೆಂಗಳೂರಿನಲ್ಲಿಯೇ ತಯಾರಾಗಿ, ರೇಸುಗಾರರ ಮೆಚ್ಚುಗೆ ಪಡೆದ ಡಾಲ್ಫಿನ್ ಎಂಬ ಫೈಬರ್ ಮೈಯ ಕಾರನ್ನು ಇಂದು ಎಷ್ಟು ಮಂದಿ ನೆನೆಯುತ್ತಾರೆ? ರಾಜಮಹಾರಾಜರ ಗಾಡಿಗೆ ಸಿಕ್ಕುವ ಉಪಚಾರ ನಡುಮನೆಯ ಗಾಡಿಗೆ ಸಿಕ್ಕುವುದಿಲ್ಲ.

ಕಾರು ರಿಪೇರಿ ನನಗೆ ತಿಳಿಯದು. ಗ್ರಂಥಸಂಪಾದನೆ ಅಷ್ಟಿಷ್ಟು ತಿಳಿದಿದೆ. ಹಳೆಯ ಪ್ರತಿಯಲ್ಲಿ ಅರ್ಥವಾಗದ ಪಾಠ ಕಂಡಾಗ ಅವಸರಪಟ್ಟು ತಿದ್ದಬಾರದು, ಕ್ಲಿಷ್ಟಪಾಠವೇ ಮೂಲವಿದ್ದೀತು. ಈ ಮಾತಿಗೆ ಕಾರೇ ನಿದರ್ಶನವಾಯಿತು. ಇಂಜಿನ್ನಿನ ಬೋಲ್ಟುಗಳ ತಲೆಗೆ ಇಂಗ್ಲಿಷ್ ಅಳತೆಯ ಸ್ಪ್ಯಾನರು ಸರಿಯಾಗಿ ಕೂರುತ್ತಿತ್ತು, ಆದರೆ ಇಂಗ್ಲಿಷ್ ಬೋಲ್ಟು ಮಾತ್ರ ರಂಧ್ರಕ್ಕೆ ಹೊಂದುತ್ತಿರಲಿಲ್ಲ. ಹಿಂದಿನ ರಿಪೇರಿಯವರು ಬಲವಂತವಾಗಿ ತಿರುಗಿಸಿ ಕೆಲವು ಥ್ರೆಡ್ಡುಗಳನ್ನು ಕೆಡಿಸಿದ್ದರು. ಕಾರಣ ಚರಿತ್ರೆಯಲ್ಲಿದೆ. ಮಾರಿಸ್ ಸಂಸ್ಥೆ 1923ರಲ್ಲಿ ಕೊಂಡ ಕವೆಂಟ್ರಿಯ ಇಂಜಿನ್ ಕಾರ್ಖಾನೆ ಮೊದಲು ಫ್ರಾನ್ಸಿನ ಹಾಚ್‌ಕಿಸ್ ಕಂಪನಿಯದು. ಅಲ್ಲಿಯ ಯಂತ್ರಗಳು ಮೆಟ್ರಿಕ್ ಅಳತೆಯವು. ಹೀಗಾಗಿ ಬೋಲ್ಟಿನ ತಲೆ ಇಂಗ್ಲಿಷು, ಥ್ರೆಡ್ಡು ಫ್ರೆಂಚು! ಇದನ್ನು ಲಿಪಿಕಾರನ ಪ್ರಮಾದವೆಂದು ತಿದ್ದಹೊರಟರೆ ಗ್ರಂಥವೇ ಕೆಟ್ಟಂತೆ.

ಕೊನೆಗೆ ತುಮಕೂರಿನ ಒಬ್ಬ ವಯಸ್ಸಾದ ಮೆಕ್ಯಾನಿಕ್ಕೂ ಊರಿನ ಬಡಗಿಯೊಬ್ಬರೂ ಕೆಲಸ ಹಿಡಿದರು. ಗಾಡಿಯನ್ನು ತಳ್ಳಿ ಚಾಲೂ ಮಾಡಿ ನೋಡೋಣವೆಂದ ಹುಡುಗರನ್ನು ಮೆಕ್ಯಾನಿಕ್ಕು ಗದರಿಸಿದರು. ಸಿಲಿಂಡರಿಗೆ ಅಂಟಿಕೊಂಡ ಪಿಸ್ಟನ್ ರಿಂಗು ಬಲಕ್ಕೆ ಮುರಿಯುತ್ತದೆ. ಪ್ಲಗ್ಗು ತೆಗೆದು ಎಣ್ಣೆ ಬಿಟ್ಟು, ಎರಡು ವಾರ ಕಾದು, ಕೈಯಿಂದ ಅಂಗುಲ ಅಂಗುಲವಾಗಿ ತಿರುಗಿಸಿದರು. ಪೆಟ್ರೋಲು ಅಂಟಿನಂತಾಗಿ ಪೈಪುಗಳನ್ನು ಕಟ್ಟಿತ್ತು. ಬ್ರೇಕಿನ ದ್ರವ ತೇವ ಹೀರಿ ಚಕ್ರದ ಸಿಲಿಂಡರುಗಳನ್ನು ಬಿಗಿದಿತ್ತು. ಬಟ್ಟೆ ಸುತ್ತಿದ ವೈರುಗಳನ್ನು ಇಲಿ ತಿಂದಿತ್ತು. ಇವೆಲ್ಲ ಹೊಸದಾಗಲೇಬೇಕು, ಬ್ರೇಕಿನ ವಿಷಯದಲ್ಲಿ ಚರಿತ್ರೆಯ ಮೋಹ ಸಲ್ಲದು.

ಬಡಗಿ ಮರದ ಗೂಡನ್ನು ಸುತ್ತಿಗೆಯಿಂದ ತಟ್ಟುತ್ತ ಬಂದರು. ನೋಡಲು ನುಣುಪಾಗಿದ್ದ ಒಂದು ಕಂಬ ಬೊದ್ದಾಗಿ ಸದ್ದು ಮಾಡಿತು. ಬಿಚ್ಚಿದರೆ ಒಳಗೆಲ್ಲ ಗೆದ್ದಲು. ನನಗೆ ಕೈದಾಳದ ಕಥೆ ನೆನಪಾಯಿತು. ಗೂಳೂರಿನ ಬಳಿಯ ಆ ಊರಿನ ಗುಡಿಗಳನ್ನು 1150ರ ಸುಮಾರಿಗೆ ಹೊಯ್ಸಳರ ಸಾಮಂತ ಬಾಚಿ ಕಟ್ಟಿಸಿದನೆಂದು ಶಾಸನ ಹೇಳಿದರೆ, ಜನ ಜಕಣಾಚಾರಿಯ ಹೆಸರು ಹೇಳುತ್ತಾರೆ. ಮಗ ಡಂಕಣ ವಿಗ್ರಹಕ್ಕೆ ಗಂಧ ಬಳಿದ, ಎಲ್ಲೆಡೆ ಒಣಗಿದರೂ ಹೊಕ್ಕುಳ ಬಳಿ ಒಣಗಲಿಲ್ಲ, ಅಲ್ಲಿ ಕಪ್ಪೆಯಿತ್ತು. ದೋಷವಿದ್ದ ಜಾಗವನ್ನಷ್ಟೇ ತೋರಿಸಿದ್ದು ಆ ಹುಡುಗನ ಹೆಚ್ಚಳ. ನಮ್ಮ ಬಡಗಿಯೂ ಕೆಟ್ಟ ಕಂಬವನ್ನಷ್ಟೇ ಬದಲಿಸಿದರು, ಉಳಿದುದನ್ನು ಮುಟ್ಟಲಿಲ್ಲ.

ಆಸನದ ಕೆಳಗಿನ ಹಲಗೆಯಲ್ಲಿ ಮಿತ್ರರ ತಂದೆ ಸೀಸದಕಡ್ಡಿಯಿಂದ ಪೆಟ್ರೋಲು, ಮೈಲಿಗಳ ಲೆಕ್ಕ ಬರೆದಿದ್ದರು. ಮಗ ಅದನ್ನು ಆವರೆಗೆ ಕಂಡಿರಲಿಲ್ಲ. ಬಹಳ ಹೊತ್ತು ಓದಿದವರು, ಕೆಂಪು ಬಣ್ಣದ ಮಾತನ್ನು ಮತ್ತೆ ಎತ್ತಲಿಲ್ಲ. ಮಾಸಿದ ಹಸಿರು ಬಣ್ಣ ಹಾಗೆಯೇ ಉಳಿಯಿತು.

ಕಳೆದ ಮಾಘದಲ್ಲಿ, ಕಾಗದಪತ್ರಗಳೆಲ್ಲ ಸರಿಯಾದ ಮೇಲೆ, ತಂದೆ ಮಗ ಇಬ್ಬರೂ ಕುಣಿಗಲ್ ರಸ್ತೆ ಹಿಡಿದು ಕೈದಾಳದವರೆಗೆ ಹೋಗಿಬಂದರು. ಅಂದಿನ ಲೆಕ್ಕವನ್ನೂ ಹಲಗೆಯ ಮೇಲೆ ಬರೆಯಬಾರದೆ ಎಂದು ಕೇಳಿದೆ.

"ಅದು ಅಪ್ಪನ ಲೆಕ್ಕ, ಮೇಷ್ಟ್ರೇ. ನಮ್ಮದಕ್ಕೆ ಬೇರೆ ಪುಸ್ತಕ ಇಟ್ಟಿದ್ದೇವೆ" ಎಂದರು.

ವೆನಿಸ್ಸಿನ ಪಂಡಿತರೂ ಇದಕ್ಕಿಂತ ಬೇರೇನು ಹೇಳಿದ್ದಾರೆ?