ಸಸ್ಕಾಚೆವಾನಿನ ವೈದ್ಯವಿಮಾ ವಿವಾದ

ಚಿಕಿತ್ಸೆಯ ವೆಚ್ಚವನ್ನು ಹೊರಬೇಕಾದವರು ಯಾರು ಎಂಬ ಪ್ರಶ್ನೆಗೆ ಎರಡು ಉತ್ತರಗಳು ಬಹುಕಾಲದಿಂದ ಪ್ರಚಲಿತವಾಗಿವೆ. ಪ್ರತಿಯೊಬ್ಬನೂ ತನ್ನ ಇಚ್ಛೆಗೂ ಶಕ್ತಿಗೂ ಅನುಸಾರವಾಗಿ ಖಾಸಗಿ ವಿಮೆಯನ್ನು ಮಾಡಿಸಿಕೊಳ್ಳಲಿ, ಕೈಲಾಗದವರಿಗೆ ಮಾತ್ರ ಸರ್ಕಾರ ನೆರವಾಗಲಿ ಎಂಬುದು ಒಂದು. ಸಮಸ್ತ ಪ್ರಜೆಗಳಿಗೂ ಸಾರ್ವಜನಿಕ ನಿಧಿಯೊಂದರಿಂದಲೇ ಚಿಕಿತ್ಸೆ ದೊರೆಯಬೇಕೆಂಬುದು ಇನ್ನೊಂದು. ಈ ಎರಡು ವಾದಗಳೂ ನೇರವಾಗಿ ಎದುರುಬದುರಾದ ಪ್ರಸಂಗವೊಂದನ್ನು ಕೆನಡಾದ ಸಸ್ಕಾಚೆವಾನ್ ಪ್ರಾಂತದ ಚರಿತ್ರೆಯಿಂದ ಆಯ್ದು ಇಲ್ಲಿ ಪರಿಶೀಲಿಸುತ್ತೇವೆ.

ಸಸ್ಕಾಚೆವಾನ್ ಗೋದಿ ಬೆಳೆಯುವ ಬಯಲುಸೀಮೆ. ಜನವಸತಿ ವಿರಳ, ಒಬ್ಬ ವೈದ್ಯನನ್ನು ಊರಿನಲ್ಲಿ ನಿಲ್ಲಿಸಿಕೊಳ್ಳುವುದೇ ಒಕ್ಕಲಿಗರಿಗೆ ದುಸ್ಸಾಧ್ಯವಾಗಿತ್ತು. ಆದುದರಿಂದ ಮೊದಲನೆಯ ಮಹಾಯುದ್ಧದ ಕಾಲದಿಂದಲೇ ಅಲ್ಲಿನ ಗ್ರಾಮಾಂತರ ಸ್ಥಳೀಯ ಸಂಸ್ಥೆಗಳು ತೆರಿಗೆಯ ಹಣದಿಂದ ಸಂಬಳವಿತ್ತು ವೈದ್ಯರನ್ನು ನೇಮಿಸಿಕೊಳ್ಳುವ ರೂಢಿ ಬೆಳೆಯಿತು. 1930ರ ದಶಕದ ಅನಾವೃಷ್ಟಿಯೂ ಬೆಲೆಕುಸಿತವೂ ಈ ಅಗತ್ಯವನ್ನು ಇನ್ನಷ್ಟು ತೀವ್ರಗೊಳಿಸಿದುವು. 1944ರಲ್ಲಿ ಅಧಿಕಾರಕ್ಕೆ ಬಂದ ಟಾಮಿ ಡಗ್ಲಸರ ಸಮಾಜವಾದಿ ಸರ್ಕಾರವು 1947ರ ಜನವರಿ 1ರಿಂದ ಎಲ್ಲರಿಗೂ ಆಸ್ಪತ್ರೆಯ ವಿಮೆಯನ್ನು ಒದಗಿಸಿತು. ವಂತಿಗೆ ವರ್ಷಕ್ಕೆ ತಲೆಗೆ 5 ಡಾಲರು; ಕುಟುಂಬಕ್ಕೆ 30 ಡಾಲರಿಗೆ ಮೀರುವಂತಿರಲಿಲ್ಲ. ವೈದ್ಯರ ಶುಲ್ಕವನ್ನೂ ಇದೇ ರೀತಿ ಭರಿಸುವುದು ಮುಂದಿನ ಹೆಜ್ಜೆಯಾಗಿತ್ತು. ಅಲ್ಲಿಯೇ ವಿವಾದ ಹುಟ್ಟಿತು.

ವೈದ್ಯರು ವಿಮೆಯ ತತ್ತ್ವಕ್ಕೆ ವಿರೋಧಿಗಳಾಗಿರಲಿಲ್ಲ. ಅವರ ಆಶ್ರಯದಲ್ಲಿಯೇ ಐಚ್ಛಿಕ ವಿಮಾಸಂಸ್ಥೆಗಳು ನಡೆಯುತ್ತಿದ್ದುವು; ಬಡವರ ವಂತಿಗೆಯನ್ನು ಸರ್ಕಾರ ಕಟ್ಟಿದರೆ ಸಾಕೆಂದು ಅವರು ವಾದಿಸಿದರು. ಹಣ ಕೊಡುವ ಕೈ ಒಂದೇ ಆದರೆ ಆ ಕೈಯೇ ಚಿಕಿತ್ಸೆಯ ಕ್ರಮವನ್ನೂ ವಿಧಿಸೀತೆಂಬುದು ಅವರ ಭೀತಿ. ಇದನ್ನು ಬರಿಯ ಸ್ವಾರ್ಥವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಆದರೆ ಎದುರುಪಕ್ಷದ ವಾದಕ್ಕೂ ಬಲವಿತ್ತು. ಐಚ್ಛಿಕ ವಿಮೆಯಲ್ಲಿ ಹೊರಗುಳಿಯುವವರು ಹೆಚ್ಚಾಗಿ ವೃದ್ಧರು, ರೋಗಿಗಳು, ಬಡವರು. ಸಹಾಯ ಬೇಡುವವನು ಮೊದಲು ತನ್ನ ದಾರಿದ್ರ್ಯವನ್ನು ಅಧಿಕಾರಿಯ ಮುಂದೆ ರುಜುವಾತು ಪಡಿಸಬೇಕಾಗುತ್ತದೆ.

ಶಾಸನವು 1961ರ ನವೆಂಬರಿನಲ್ಲಿ ಅಂಗೀಕೃತವಾಯಿತು. ಅದೇ ತಿಂಗಳು ವುಡ್ರೋ ಲಾಯ್ಡ್ ಮುಖ್ಯಮಂತ್ರಿಗಳಾದರು. 1962ರ ಜುಲೈ 1ರಂದು ಯೋಜನೆ ಜಾರಿಗೆ ಬಂದೊಡನೆ ಬಹುಮಂದಿ ವೈದ್ಯರು ತಮ್ಮ ಚಿಕಿತ್ಸಾಲಯಗಳನ್ನು ಮುಚ್ಚಿದರು. ಕೆಲವು ಆಸ್ಪತ್ರೆಗಳಲ್ಲಿ ತುರ್ತು ಸೇವೆಯನ್ನು ಮಾತ್ರ ಉಳಿಸಿಕೊಂಡರು. ಸರ್ಕಾರವು ಬ್ರಿಟನ್ನಿನಿಂದ ವೈದ್ಯರನ್ನು ಕರೆಸಿತು. ವೈದ್ಯರ ಬೆಂಬಲಿಗರು ಜುಲೈ 11ರಂದು ರಾಜಧಾನಿ ರೆಜೈನಾದಲ್ಲಿ ಪ್ರದರ್ಶನ ನಡೆಸಿದರು. ನಿರೀಕ್ಷಿಸಿದುದಕ್ಕಿಂತ ಬಹಳ ಕಡಮೆ ಜನ ಸೇರಿದರು. ಬ್ರಿಟಿಷ್ ವೈದ್ಯರೂ ಪಾರ್ಲಿಮೆಂಟಿನ ಸದಸ್ಯರೂ ಆಗಿದ್ದ ಲಾರ್ಡ್ ಟೇಲರರ ಮಧ್ಯಸ್ಥಿಕೆಯಿಂದ ಜುಲೈ 23ರಂದು ಸಸ್ಕಟೂನ್ ನಗರದಲ್ಲಿ ಒಪ್ಪಂದವಾಗಿ ಮುಷ್ಕರ ಕೊನೆಗೊಂಡಿತು.

ಈ ಒಪ್ಪಂದದ ಸ್ವರೂಪವೇ ನಮ್ಮ ವಿಶೇಷ ಗಮನಕ್ಕೆ ಅರ್ಹವಾದುದು. ಎಲ್ಲರೂ ಒಂದೇ ಯೋಜನೆಗೆ ಒಳಪಡಬೇಕೆಂಬ ತತ್ತ್ವವನ್ನು ಸರ್ಕಾರ ಬಿಟ್ಟುಕೊಡಲಿಲ್ಲ. ವೈದ್ಯರಾದರೋ ಸಂಬಳದ ನೌಕರರಾಗದೆ, ಮಾಡಿದ ಚಿಕಿತ್ಸೆಗೆ ತಕ್ಕ ಶುಲ್ಕ ಪಡೆಯುವ ಪದ್ಧತಿಯನ್ನು ಉಳಿಸಿಕೊಂಡರು. ಯೋಜನೆಯ ಹೊರಗೆ ವೃತ್ತಿ ನಡೆಸುವ ಸ್ವಾತಂತ್ರ್ಯವನ್ನೂ ಪಡೆದರು. ಹಳೆಯ ವಿಮಾಸಂಸ್ಥೆಗಳು ವೈದ್ಯರ ಬಿಲ್ಲುಗಳನ್ನು ಸರ್ಕಾರಕ್ಕೂ ಸರ್ಕಾರದ ಹಣವನ್ನು ವೈದ್ಯರಿಗೂ ತಲಪಿಸುವ ಮಧ್ಯವರ್ತಿಗಳಾಗಿ ಉಳಿದುವು.

ಮುಂದಿನ ಘಟನೆಗಳು ಈ ಇತ್ಯರ್ಥದ ಬಲವನ್ನು ತೋರಿಸಿದುವು. 1964ರ ಚುನಾವಣೆಯಲ್ಲಿ ಆ ಸರ್ಕಾರ ಸೋತಿತಾದರೂ ಬಳಿಕ ಬಂದ ಲಿಬರಲ್ ಪಕ್ಷವು ಯೋಜನೆಯನ್ನು ರದ್ದುಪಡಿಸಲಿಲ್ಲ. ವೈದ್ಯರ ರಾಷ್ಟ್ರೀಯ ಸಂಘವೇ ಕೇಳಿಕೊಂಡಿದ್ದ ವಿಚಾರಣಾ ಆಯೋಗವು ನ್ಯಾಯಮೂರ್ತಿ ಎಮೆಟ್ ಹಾಲರ ಅಧ್ಯಕ್ಷತೆಯಲ್ಲಿ ಅದೇ ವರ್ಷ ಸಾರ್ವತ್ರಿಕ ಯೋಜನೆಯ ಪರವಾಗಿಯೇ ವರದಿ ನೀಡಿತು. 1966ರಲ್ಲಿ ರಾಷ್ಟ್ರೀಯ ಶಾಸನವಾಯಿತು. 1971ರ ವೇಳೆಗೆ ಎಲ್ಲ ಪ್ರಾಂತಗಳೂ ಅದಕ್ಕೆ ಸೇರಿದುವು. ಆದರೂ ಔಷಧ ಮತ್ತು ದಂತಚಿಕಿತ್ಸೆಗಳ ಕ್ಷೇತ್ರದಲ್ಲಿ ಖಾಸಗಿ ವಿಮೆ ಅಲ್ಲಿ ಇಂದಿಗೂ ಉಳಿದಿದೆ.

ಹಣವನ್ನು ಯಾರು ಕೊಡಬೇಕು, ವೈದ್ಯನ ಮೇಲೆ ಅಧಿಕಾರ ಯಾರದಾಗಿರಬೇಕು ಎಂಬ ಎರಡು ಬೇರೆ ಪ್ರಶ್ನೆಗಳು ಈ ವಿವಾದದಲ್ಲಿ ಒಂದಾಗಿ ಹೆಣೆದುಕೊಂಡಿದ್ದುವು. ಅವು ಒಂದೇ ಎಂದು ಭಾವಿಸಿದಷ್ಟು ಕಾಲವೂ ಇಪ್ಪತ್ತಮೂರು ದಿನಗಳ ಆ ಕಲಹಕ್ಕೆ ಪರಿಹಾರ ತೋರಲಿಲ್ಲ. ಬೇರ್ಪಡಿಸಿ ನೋಡಿದಾಗ, ಮೊದಲನೆಯದರಲ್ಲಿ ಸರ್ಕಾರದ ಮಾತೂ ಎರಡನೆಯದರಲ್ಲಿ ಬಹುಮಟ್ಟಿಗೆ ವೈದ್ಯರ ಮಾತೂ ನಿಲ್ಲುವುದು ಸಾಧ್ಯವಾಯಿತು. ಇತರ ದೇಶಗಳ ಇಂತಹ ವಿವಾದಗಳನ್ನು ಅಭ್ಯಾಸ ಮಾಡುವವರು ಈ ಭೇದವನ್ನು ಮೊದಲು ಗುರುತಿಸುವುದು ಒಳಿತೆಂದು ನಾವು ಭಾವಿಸುತ್ತೇವೆ.